ಮಂಡಿಕೀಲಿನ ಸದ್ದು ಮತ್ತು ಅಸ್ಥಿರಜ್ಜು ಗಾಯದ ನಿರ್ಣಯ: ಚರಿತ್ರೆ

ಮಂಡಿಯ ಸದ್ದು ಆಲಿಸಿ ಒಳಗಿನ ಗಾಯ ಗುರುತಿಸುವ ಪ್ರಯತ್ನ ಶತಮಾನಕ್ಕೂ ಹಳೆಯದು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಸಾಲಾಗಿ ಹೇಳುತ್ತಾರೆ: ಮೊದಲು ಸ್ಟೆತೊಸ್ಕೋಪ್, ಆಮೇಲೆ ಮೈಕ್ರೊಫೋನ್, ಕೊನೆಗೆ ಕಂಪನಮಾಪಕ. ಹಾಗೆ ಹೇಳುವಾಗ ಮೃದ್ವಸ್ಥಿಯ ಸವೆತ, ಮೆನಿಸ್ಕಸ್ ಹರಿಯುವುದು, ಅಸ್ಥಿರಜ್ಜು ಹರಿಯುವುದು ಮೂರೂ ಒಂದೇ ಗಂಟಿನಲ್ಲಿ ಸೇರಿಹೋಗುತ್ತವೆ. ಬಿಡಿಸಿ ನೋಡಿದರೆ ಅಸ್ಥಿರಜ್ಜುವಿನ ಪಾಲು ತೀರ ತೆಳು. ಉಪಕರಣದ ದೋಷವೊಂದೇ ಇದಕ್ಕೆ ಕಾರಣವಲ್ಲ. ಸಂಶೋಧಕರು ಹುಡುಕುತ್ತಿದ್ದುದೇ ಬೇರೆ.

ಗೊಂದಲ ಮೊದಲ ಉಲ್ಲೇಖದಲ್ಲೇ ಇದೆ. ಜರ್ಮನ್ ಶಸ್ತ್ರವೈದ್ಯ ಕಾರ್ಲ್ ಹ್ಯೂಟರ್ 1885ರಲ್ಲಿ ಕೀಲಿನ ಸದ್ದು ಆಲಿಸಿದನೆಂದು ಲೇಖನದಿಂದ ಲೇಖನಕ್ಕೆ ನಕಲಾಗುತ್ತ ಬಂದಿದೆ. ಆತ ತೀರಿಕೊಂಡದ್ದು 1882ರಲ್ಲಿ. 1885 ಆತನ ಶಸ್ತ್ರವೈದ್ಯಕೀಯ ಕೈಪಿಡಿಯ ಮರಣೋತ್ತರ ಮುದ್ರಣದ ವರ್ಷ. ಆತ ಹುಡುಕಿದ್ದು ಕೀಲಿನೊಳಗೆ ಸಡಿಲಾಗಿ ಓಡಾಡುವ ತುಣುಕುಗಳನ್ನು. 1902ರಲ್ಲಿ ಬ್ಲಾಜೆಟ್ ವಯಸ್ಸಿನೊಂದಿಗೆ ಸದ್ದು ಹೆಚ್ಚುವುದನ್ನು ಗಮನಿಸಿದ. 1913ರಲ್ಲಿ ಸ್ವಿಟ್ಜರ್ಲೆಂಡಿನ ಯೂಗೆನ್ ಬಿರ್ಷರ್ ಮೆನಿಸ್ಕಸ್ ಗಾಯಗಳ ಸದ್ದಿಗೆ ಕಿವಿಗೊಟ್ಟ. 1929ರಲ್ಲಿ ವಾಲ್ಟರ್ಸ್ ಸುಮಾರು 1,600 ಕೀಲುಗಳನ್ನು ಆಲಿಸಿದ. 1937ರಲ್ಲಿ ಸ್ಟೈಂಡ್ಲರ್ ಸದ್ದನ್ನು ವಿದ್ಯುತ್ ಸಂಕೇತವಾಗಿ ದಾಖಲಿಸಿದ. ಇವರೆಲ್ಲರ ಮುಖ್ಯ ಕುತೂಹಲ ಒಂದಕ್ಕೊಂದು ಉಜ್ಜುವ ಮೇಲ್ಮೈಗಳದ್ದು. ರಜ್ಜು ಉಜ್ಜುವ ಅಂಗವಲ್ಲ, ಎಲುಬುಗಳನ್ನು ಹಿಡಿದಿಡುವ ಕಟ್ಟು.

ಇಲ್ಲಿ ಒಂದು ಆಕ್ಷೇಪ ಸಹಜ. ಮುಂಭಾಗದ ಅಡ್ಡರಜ್ಜು, ಅಂದರೆ ಎಸಿಎಲ್, ಹರಿದಾಗ 'ಲಟಕ್' ಎಂದಿತೆಂದು ಆಟಗಾರರು ಹೇಳುವುದು ವೈದ್ಯರಿಗೆಲ್ಲ ಗೊತ್ತು. ಅದು ನಿರ್ಣಯಕ್ಕೆ ನೆರವಾಗುವುದೂ ನಿಜ. ಆದರೆ ಅದು ರೋಗಿ ಹೇಳಿದ ಮಾತು, ವೈದ್ಯ ಕೇಳಿದ ಸದ್ದಲ್ಲ. ಗಾಯಾಳು ಆಸ್ಪತ್ರೆ ತಲುಪುವಷ್ಟರಲ್ಲಿ ಆ ಸದ್ದು ಮುಗಿದಿರುತ್ತದೆ; ಉಳಿಯುವುದು ಊತ ಮತ್ತು ಸಡಿಲ. ಊತದ ತೂಕ ತಿಳಿದದ್ದು 1980ರಲ್ಲಿ: ಗಾಯದ ನಂತರ ಕೀಲಿನೊಳಗೆ ರಕ್ತ ತುಂಬಿದ್ದ 85 ಮಂಡಿಗಳಲ್ಲಿ ಶೇಕಡ 72ರಲ್ಲಿ ಈ ರಜ್ಜು ಹರಿದಿತ್ತೆಂದು ನಾಯ್ಸ್ ಮತ್ತು ಸಂಗಡಿಗರು ಕೀಲುದರ್ಶಕದಿಂದ ಕಂಡುಕೊಂಡರು. ಸಡಿಲ ಅಳೆಯುವ ಲಾಕ್‌ಮನ್ ಪರೀಕ್ಷೆ 1976ರಲ್ಲೇ ಪ್ರಕಟವಾಗಿತ್ತು. ಕೈಯಿಂದಲೇ ಇಷ್ಟು ತಿಳಿಯುವಾಗ ಸದ್ದಿನ ಮೊರೆಹೋಗುವ ಒತ್ತಡ ಯಾರಿಗೂ ಇರಲಿಲ್ಲ.

ನಿಜವಾದ ತಿರುವು 1982ರ ಬೆಲ್‌ಫಾಸ್ಟ್‌ನದು. ಕೀಲಿನ ಕಂಪನ ಹೆಚ್ಚಾಗಿ ಕಡಿಮೆ ಆವರ್ತನದ್ದು, ಮೈಕ್ರೊಫೋನಿಗೆ ಅದು ಸರಿಯಾಗಿ ಸಿಗದು ಎಂದು ಮೊಲ್ಲನ್ ತಂಡ ತೋರಿಸಿ, ಚರ್ಮದ ಮೇಲೆ ವೇಗೋತ್ಕರ್ಷಮಾಪಕ ಎಂಬ ಕಂಪನಮಾಪಕ ಕೂರಿಸಿತು. ಕಿವಿಯನ್ನು ನಂಬಿದ ಎಂಟು ದಶಕಗಳ ವರ್ಗೀಕರಣಗಳು ಅಲ್ಲಿಗೆ ಸಡಿಲಗೊಂಡವು. ಮುಂದಿನ ಘಟ್ಟ ಕೆನಡಾದ ಕ್ಯಾಲ್ಗರಿಯದು. ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟ್ ಪಡೆದ ರಂಗರಾಜ್ ರಂಗಯ್ಯನ್ ಕ್ಯಾಲ್ಗರಿಯಲ್ಲಿ ಮೂಳೆವೈದ್ಯ ಸಿರಿಲ್ ಫ್ರ್ಯಾಂಕ್ ಜೊತೆ ಸಂಕೇತ ವಿಶ್ಲೇಷಣೆ ಬೆಳೆಸಿದರು. ಫ್ರ್ಯಾಂಕ್ ಅವರ ಖ್ಯಾತಿ ರಜ್ಜು ಮಾಗುವಿಕೆಯ ಸಂಶೋಧನೆಯದು. ಆದರೂ ಈ ಕೆಲಸದ ಗುರಿ ಮೃದ್ವಸ್ಥಿಯಾಗಿತ್ತು.

ಆ ತಂಡದ 89 ಸಂಕೇತಗಳನ್ನು, ಅಂದರೆ 51 ಆರೋಗ್ಯವಂತರದು ಮತ್ತು 38 ರೋಗಿಗಳದನ್ನು, ನಂತರ ಬಂದ ಅನೇಕರು ಮತ್ತೆ ಮತ್ತೆ ಬಳಸಿದ್ದಾರೆ. ರೋಗಿಗಳ ಗುಂಪಿನಲ್ಲಿ ಮೃದ್ವಸ್ಥಿಯ ಸವೆತ, ಮೆನಿಸ್ಕಸ್ ಹರಿದದ್ದರ ಜೊತೆ ಎಸಿಎಲ್ ಗಾಯಗಳೂ ಇದ್ದವು. ಎಲ್ಲಕ್ಕೂ 'ಅಸಹಜ' ಎಂಬ ಒಂದೇ ಹಣೆಪಟ್ಟಿ. ಆದ್ದರಿಂದ ಈ ದತ್ತಾಂಶದಲ್ಲಿ ಎಷ್ಟೇ ನಿಖರತೆ ಸಾಧಿಸಿದರೂ ಅದು ಸಹಜ-ಅಸಹಜಗಳನ್ನು ಬೇರ್ಪಡಿಸಿದ ಲೆಕ್ಕವೇ ಹೊರತು ರಜ್ಜು ಹರಿದದ್ದನ್ನು ಗುರುತಿಸಿದ ಪುರಾವೆಯಲ್ಲ. ಹರಿದ ರಜ್ಜು ತಾನು ಸದ್ದು ಮಾಡದಿದ್ದರೇನು, ಹಿಡಿತ ತಪ್ಪಿದ ಎಲುಬುಗಳ ಚಲನೆಯಾದರೂ ಕಂಪಿಸಬೇಕಲ್ಲ ಎನ್ನಬಹುದು. ತರ್ಕ ಸರಿ. ಆದರೆ ದಾಖಲಿಸುವಾಗ ರೋಗಿ ಮೇಜಿನ ಮೇಲೆ ಕುಳಿತು, ಕಾಲು ಇಳಿಬಿಟ್ಟು, ನಾಲ್ಕು ಸೆಕೆಂಡಿನಲ್ಲಿ ಅದನ್ನು ಚಾಚಿ ಮಡಚುತ್ತಿದ್ದ. ಮೈಭಾರವೂ ತಿರುಚೂ ಇಲ್ಲದ ಆ ಚಲನೆಯಲ್ಲಿ ರಜ್ಜುವಿನ ಸಡಿಲ ಹೊರಬೀಳುವ ಅವಕಾಶವೇ ಕಡಿಮೆ.

2010ರ ದಶಕದ ನಡುವಿನಿಂದ ಜಾರ್ಜಿಯಾ ಟೆಕ್‌ನ ಒಮರ್ ಇನಾನ್ ತಂಡ ಧರಿಸಬಹುದಾದ ಮೈಕ್ರೊಫೋನುಗಳನ್ನು ಮತ್ತೆ ತಂದಿದೆ. ಈಚೆಗೆ ಗಾಯಗೊಂಡ ಕ್ರೀಡಾಪಟುಗಳ ಮಂಡಿಯ ಸದ್ದು ಹೆಚ್ಚು ಅಸ್ತವ್ಯಸ್ತವಾಗಿರುತ್ತದೆ, ಚೇತರಿಕೆಯೊಂದಿಗೆ ಆ ಏರುಪೇರು ಇಳಿಯುತ್ತದೆ ಎಂದು 2018ರ ಅವರ ವರದಿ ಹೇಳುತ್ತದೆ. ಯಾವ ಅಂಗಾಂಶ ಹರಿದಿದೆ ಎಂಬುದನ್ನು ಎಂಆರ್‌ಐಗೆ ಬಿಟ್ಟು, ಮಂಡಿ ಎಷ್ಟರಮಟ್ಟಿಗೆ ಸುಧಾರಿಸಿದೆ ಎಂಬುದನ್ನಷ್ಟೇ ಸದ್ದಿನಿಂದ ಅಳೆಯುವತ್ತ ಈ ಕೆಲಸ ಸಾಗಿದೆ.