ಆಟಿಸಂ ಇರುವ ಮಕ್ಕಳೊಂದಿಗೆ ರಜೆಯ ಪ್ರವಾಸ: ಹೊರಡುವ ಮುನ್ನ ತಿಳಿದಿರಬೇಕಾದದ್ದು



ಬೇಸಿಗೆ ರಜೆ ಹತ್ತಿರ ಬಂತೆಂದರೆ ನಮ್ಮ ಬಳಗದಲ್ಲಿ ಯಾರ ಬಾಯಲ್ಲೂ ಒಂದೇ ಪ್ರಶ್ನೆ. "ಈ ಸಲ ಎಲ್ಲಿಗೆ ಹೊರಟ್ರಿ? ಯೆಲ್ಲೋಸ್ಟೋನಾ, ಡಿಸ್ನಿಯಾ, ಇಲ್ಲ ಊರಿಗಾ?" ಈ ಪ್ರಶ್ನೆ ಎದುರಾದಾಗ ಒಂದಿಬ್ಬರು ಮಾತು ತೇಲಿಸಿ, ಬಿಸಿಬೇಳೆಬಾತಿನ ತಟ್ಟೆ ಹಿಡಿದು ಪಕ್ಕಕ್ಕೆ ಸರಿಯುವುದನ್ನು ನೀವು ಗಮನಿಸಿರಲಿಕ್ಕಿಲ್ಲ. ನಾವು ಗಮನಿಸಿದ್ದೇವೆ. ಏಕೆಂದರೆ ನಾಲ್ಕು ವರ್ಷ ನಾವೂ ಹಾಗೆಯೇ ಸರಿದವರು.

ನಮ್ಮ ಮಗನಿಗೆ ಈಗ ಹನ್ನೊಂದು ವರ್ಷ. ಮೂರು ತುಂಬುವಷ್ಟರಲ್ಲಿ ಆಟಿಸಂ (ಸ್ವಲೀನತೆ) ಎಂದು ವೈದ್ಯರು ಹೇಳಿದರು. ಮಾತು ಕಡಿಮೆ, ನೀರೆಂದರೆ ಪ್ರಾಣ, ಮಿಕ್ಸಿಯ ಸದ್ದೆಂದರೆ ಆಗದು. ಅವನ ಬೆನ್ನಿಗೆ ಒಬ್ಬ ತಂಗಿ, ಎಂಟು ವರ್ಷದವಳು. ರಜೆಯಲ್ಲಿ ಏನು ಮಾಡಿದೆ ಎಂದು ಶಾಲೆಯಲ್ಲಿ ಬರೆಯಲು ಹೇಳಿದಾಗ ಅವಳು ಗೆಳತಿಯ ಮನೆಯವರ ಹವಾಯಿ ಪ್ರವಾಸವನ್ನೇ ತನ್ನದೆಂದು ಬರೆದು ಬಂದಿದ್ದಳು! ಅಂದು ರಾತ್ರಿ ನಾವಿಬ್ಬರೂ ಕೂತು, ಇನ್ನು ಮನೆಯಲ್ಲೇ ಇರುವುದು ಸಾಕು ಎಂದು ತೀರ್ಮಾನಿಸಿದೆವು. ಆಮೇಲೆ ಕಲಿತದ್ದನ್ನು, ಕೆಲವು ಪೆಟ್ಟು ತಿಂದೇ ಕಲಿತದ್ದನ್ನು, ಇಲ್ಲಿ ಬರೆಯುತ್ತಿದ್ದೇವೆ.

ಇದು ನಮ್ಮೊಂದು ಮನೆಯ ಕಥೆಯಲ್ಲ. ಅಮೆರಿಕದ ಸಿಡಿಸಿ 2025ರಲ್ಲಿ ಪ್ರಕಟಿಸಿದ ವರದಿಯಂತೆ, ಅದು ಸಮೀಕ್ಷೆ ನಡೆಸುವ ಪ್ರದೇಶಗಳಲ್ಲಿ 8 ವರ್ಷದ 31 ಮಕ್ಕಳಲ್ಲಿ ಒಬ್ಬರಿಗೆ ಆಟಿಸಂ ಇದೆ. 2000ದ ಸಮೀಕ್ಷೆಯಲ್ಲಿ ಇದು 150ಕ್ಕೆ ಒಬ್ಬರಿತ್ತು. ಗುರುತಿಸುವ ವಿಧಾನ ಸುಧಾರಿಸಿದ್ದು, ಆಟಿಸಂ ಎಂಬ ಪದದ ವ್ಯಾಪ್ತಿ ಹಿಗ್ಗಿದ್ದು ಈ ಏರಿಕೆಗೆ ದೊಡ್ಡ ಕಾರಣ. ಲೆಕ್ಕ ಹಾಕಿದರೆ ನಮ್ಮ ಯುಗಾದಿ ಕಾರ್ಯಕ್ರಮಕ್ಕೆ ನೂರು ಮಕ್ಕಳು ಬರುವುದಾದರೆ ಅವರಲ್ಲಿ ಮೂವರು. ಅವರು ಬರುವುದಿಲ್ಲ, ಅಷ್ಟೇ.

ಮೊದಲು ಬಾಯಿ ಬಿಟ್ಟು ಹೇಳಿ

ನಮ್ಮ ಮೊದಲ ಪ್ರವಾಸ ಒಂದು ಮನರಂಜನಾ ಪಾರ್ಕಿಗೆ. ಯಾರಿಗೂ ಏನೂ ಹೇಳಲಿಲ್ಲ. ಹೇಳುವುದೇಕೆ, ನಾಲ್ಕು ಜನರ ಎದುರು ಮಗನಿಗೆ ಹಣೆಪಟ್ಟಿ ಅಂಟಿಸಿದಂತೆ ಆಗುವುದಿಲ್ಲವೇ ಎಂಬ ಯೋಚನೆ. ನಲವತ್ತು ನಿಮಿಷದ ಕ್ಯೂನಲ್ಲಿ ಇಪ್ಪತ್ತೈದು ನಿಮಿಷ ತಡೆದ ಹುಡುಗ ನೆಲಕ್ಕೆ ಬಿದ್ದು ಕಿರುಚಲು ಶುರುಮಾಡಿದ. ಹಿಂದಿದ್ದ ಒಬ್ಬಾಕೆ ಮಕ್ಕಳನ್ನು ಬೆಳೆಸುವ ಬಗ್ಗೆ ನಮಗೆ ಪಾಠ ಹೇಳಿದಳು. ಅವನನ್ನು ಎತ್ತಿಕೊಂಡು ಪಾರ್ಕಿಂಗ್ ತನಕ ನಡೆದೆವು. ಟಿಕೆಟ್ಟಿನ ಹಣ ಹೋಯಿತು, ಅದಕ್ಕಿಂತ ಹೆಚ್ಚಾಗಿ ಧೈರ್ಯ ಹೋಯಿತು. ಗೇಟಿನ ಬಳಿಯೇ ಕೇಳಿದ್ದರೆ ಕ್ಯೂನಲ್ಲಿ ನಿಲ್ಲದೆ ಬೇರೆಡೆ ಕಾಯುವ ಚೀಟಿ ಕೊಡುತ್ತಿದ್ದರು ಎಂದು ನಮಗೆ ಗೊತ್ತಾದದ್ದು ಎರಡು ತಿಂಗಳ ನಂತರ, ಇನ್ನೊಬ್ಬ ಕನ್ನಡದ ತಾಯಿಯಿಂದ.

ಈ ದೇಶದಲ್ಲಿ ಸೌಲಭ್ಯಗಳು ಬೇಕಾದಷ್ಟಿವೆ, ಆದರೆ ಕೇಳಿದವರಿಗೆ ಮಾತ್ರ. ಡಿಸ್ನಿಯನ್ನೇ ತೆಗೆದುಕೊಳ್ಳಿ. ಅಲ್ಲಿ 2013ರಿಂದ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್ ಎಂಬ ವ್ಯವಸ್ಥೆ ಇದೆ. 2024ರಲ್ಲಿ ನಿಯಮ ಬಿಗಿ ಮಾಡಿ, ಆಟಿಸಂನಂಥ ಬೆಳವಣಿಗೆಯ ತೊಂದರೆಯಿಂದಾಗಿ ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲಲಾಗದವರಿಗಷ್ಟೇ ಎಂದು ಸೀಮಿತಗೊಳಿಸಿದರು. ಮನೆಯಿಂದ ಹೊರಡುವ ಮೊದಲೇ ವಿಡಿಯೋ ಮೂಲಕ ಸಿಬ್ಬಂದಿಯೊಂದಿಗೆ ಮಾತಾಡಿ ನೋಂದಾಯಿಸಬೇಕು. ಮಗು ಜೊತೆಗಿರಬೇಕು. "ಆಟಿಸಂ ಇದೆ" ಎಂದಷ್ಟೇ ಹೇಳಿ ನಿಲ್ಲಿಸಬೇಡಿ, ಸಾಲಿನಲ್ಲಿ ನಿಂತರೆ ನಿಮ್ಮ ಮಗುವಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿ. ಇದು ಸಾಲು ಹಾರುವ ಪಾಸಲ್ಲ. ಸಾಲಿನಲ್ಲಿ ಎಷ್ಟು ಹೊತ್ತಾಗುತ್ತದೋ ಹೆಚ್ಚುಕಡಿಮೆ ಅಷ್ಟೇ ಹೊತ್ತಿನ ನಂತರ ಬರಲು ಸಮಯ ಕೊಡುತ್ತಾರೆ, ಅಲ್ಲಿಯವರೆಗೆ ನೀವು ನೆರಳಿನಲ್ಲಿ ಕೂತು ಚಕ್ಕುಲಿ ತಿನ್ನಬಹುದು. ಪೂರ್ವ ಕರಾವಳಿಯವರು ಫಿಲಡೆಲ್ಫಿಯಾ ಬಳಿಯ ಸೆಸಮಿ ಪ್ಲೇಸ್‌ಗೂ ಹೋಗಬಹುದು. ಸಿಬ್ಬಂದಿಗೆ ತರಬೇತಿ ಕೊಟ್ಟು "ಸರ್ಟಿಫೈಡ್ ಆಟಿಸಂ ಸೆಂಟರ್" ಎನಿಸಿಕೊಂಡ ಜಗತ್ತಿನ ಮೊದಲ ಥೀಮ್ ಪಾರ್ಕ್ ಅದು, 2018ರಲ್ಲಿ. ಅರಿಜೋನಾದ ಮೇಸಾ ಇಡೀ ಊರಾಗಿಯೇ ಇಂಥ ಮಾನ್ಯತೆ ಪಡೆದದ್ದು 2019ರಲ್ಲಿ.

ವಿಮಾನ ನಿಲ್ದಾಣದಲ್ಲಿ

ಟಿಕೆಟ್ ಕೊಂಡ ಕೂಡಲೇ ವಿಮಾನ ಸಂಸ್ಥೆಗೆ ಫೋನ್ ಮಾಡಿ, ಬುಕಿಂಗ್‌ನಲ್ಲಿ "ಡಿಪಿಎನ್‌ಎ" ಎಂಬ ಸಂಕೇತ ಹಾಕಲು ಹೇಳಿ. ಬೌದ್ಧಿಕ ಅಥವಾ ಬೆಳವಣಿಗೆಯ ತೊಂದರೆ ಇರುವ, ನೆರವು ಬೇಕಾದ ಪ್ರಯಾಣಿಕ ಎಂದು ಇದರ ಅರ್ಥ. ವಿಮಾನ ಸಂಸ್ಥೆಗಳಲ್ಲೆಲ್ಲ ಬಳಕೆಯಲ್ಲಿರುವ ಸಂಕೇತವಾದ್ದರಿಂದ ಹೆಚ್ಚು ವಿವರಣೆ ಬೇಕಾಗುವುದಿಲ್ಲ. ಎಲ್ಲರ ಸೀಟೂ ಒಟ್ಟಿಗೇ ಇದೆಯೇ ಎಂದು ಆಗಲೇ ನೋಡಿಕೊಳ್ಳಿ. ಮುಂದಿನ ಸೀಟನ್ನು ಒದೆಯುವ ಮಗುವಾದರೆ ಆ ಮುಂದಿನ ಸೀಟಿನಲ್ಲಿ ನಿಮ್ಮಲ್ಲೇ ಒಬ್ಬರು ಕೂರುವುದು ಒಳ್ಳೆಯದು. ನಮ್ಮ ಮನೆಯಲ್ಲಿ ಆ ಭಾಗ್ಯ ಅಪ್ಪನದು.

ಭದ್ರತಾ ತಪಾಸಣೆಗೆ "ಟಿಎಸ್‌ಎ ಕೇರ್ಸ್" ಎಂಬ ಸಹಾಯವಾಣಿ ಇದೆ. ಕನಿಷ್ಠ 72 ಗಂಟೆ ಮುಂಚೆ ತಿಳಿಸಿದರೆ ತಪಾಸಣೆಯ ಜಾಗದಲ್ಲಿ ನೆರವಿಗೆ ಒಬ್ಬರನ್ನು ಒದಗಿಸಲು ಯತ್ನಿಸುತ್ತಾರೆ. ತಪಾಸಣೆಯೇನೂ ತಪ್ಪುವುದಿಲ್ಲ, ಅದು ಮಗುವಿಗೆ ಹೊಂದುವಂತೆ ನಡೆಯುತ್ತದೆ. ಮಗುವಿನ ಕೈಲಿರುವ ಗೊಂಬೆಯೂ ಎಕ್ಸ್‌ರೇ ಯಂತ್ರದೊಳಗೆ ಹೋಗಬೇಕು ಎಂಬುದನ್ನು ಮನೆಯಲ್ಲೇ ಹೇಳಿರಿ. ನಮ್ಮವನು ತನ್ನ ಪ್ಲಾಸ್ಟಿಕ್ ಮೀನು ಯಂತ್ರದ ಬಾಯೊಳಗೆ ಮಾಯವಾದಾಗ ಮಾಡಿದ ರಾದ್ಧಾಂತಕ್ಕೆ ಮೂರು ಸಾಲುಗಳು ನಿಂತವು. ಈಗ ಅಡುಗೆಮನೆಯ ಮೇಜಿನ ಕೆಳಗೆ ಮೀನನ್ನು ತಳ್ಳಿ ಆಚೆ ಕಡೆ ಹಿಡಿಯುವ ಆಟ ಆಡಿಸಿಯೇ ಹೊರಡುತ್ತೇವೆ.

ತಾಲೀಮಿಗೆಂದೇ ಒಂದು ಕಾರ್ಯಕ್ರಮವೂ ಇದೆ. 2011ರಲ್ಲಿ ಬಾಸ್ಟನ್ ವಿಮಾನ ನಿಲ್ದಾಣದಲ್ಲಿ ಶುರುವಾದ "ವಿಂಗ್ಸ್ ಫಾರ್ ಆಟಿಸಂ"ನಲ್ಲಿ ಮಕ್ಕಳು ಚೆಕ್-ಇನ್ ಮಾಡಿ, ತಪಾಸಣೆ ದಾಟಿ, ನಿಂತ ವಿಮಾನ ಹತ್ತಿ ಇಳಿಯುತ್ತಾರೆ. ಆಮೇಲೆ ಇದು ಬೇರೆ ಊರುಗಳಿಗೂ ಹಬ್ಬಿತು. ನಿಮ್ಮೂರಿನ ನಿಲ್ದಾಣದಲ್ಲಿ ವಿಚಾರಿಸಿ. ಪಿಟ್ಸ್‌ಬರ್ಗ್ ನಿಲ್ದಾಣದಲ್ಲಿ 2019ರಲ್ಲಿ ತೆರೆದ ಸದ್ದಿಲ್ಲದ ಕೋಣೆಗಳಲ್ಲಿ ವಿಮಾನದ ಒಳಭಾಗದಂತೆಯೇ ಇರುವ ಒಂದು ಮಾದರಿ ಇದೆ. ಆಟಿಸಂ ಇರುವ ಮಗನ ತಂದೆಯಾದ ಅಲ್ಲಿನ ಒಬ್ಬ ನೌಕರ ಮೇಲಧಿಕಾರಿಗೆ ಬರೆದ ಪತ್ರದಿಂದ ಆದ ಕೆಲಸ ಅದು.

ಗೇಟಿನಲ್ಲಿ ಹೆಚ್ಚು ಸಮಯ ಬೇಕೆಂದು ಹೇಳಿಕೊಂಡವರನ್ನು ಮೊದಲು ಹತ್ತಿಸುತ್ತಾರೆ. ಆದರೆ ಮೊದಲು ಹತ್ತಿದರೆ ಹೊರಡುವ ತನಕ ಮುಕ್ಕಾಲು ಗಂಟೆ ಸುಮ್ಮನೆ ಕೂರಬೇಕು! ನಾವು ಮಾಡುವುದು ಹೀಗೆ: ಒಬ್ಬರು ಬ್ಯಾಗುಗಳೊಂದಿಗೆ ಮೊದಲು ಹತ್ತುತ್ತೇವೆ, ಇನ್ನೊಬ್ಬರು ಮಗನೊಂದಿಗೆ ಕಾರಿಡಾರಿನಲ್ಲಿ ನಡೆದಾಡಿ ಎಲ್ಲರಿಗಿಂತ ಕೊನೆಗೆ.

ಯೊಸೆಮಿಟಿ ನಮಗೇಕೆ ಹಿಡಿಸಿತು

ಥೀಮ್ ಪಾರ್ಕುಗಳ ಗದ್ದಲಕ್ಕಿಂತ ನ್ಯಾಷನಲ್ ಪಾರ್ಕುಗಳೇ ಇಂಥ ಮಕ್ಕಳಿಗೆ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಕಿರುಚಿದರೆ ಬೆಟ್ಟಕ್ಕೆ ಬೇಸರವಿಲ್ಲ. ಬೇ ಏರಿಯಾದಿಂದ ಯೊಸೆಮಿಟಿ ಕಣಿವೆಗೆ ಕಾರಿನಲ್ಲಿ ಸುಮಾರು ನಾಲ್ಕು ಗಂಟೆ. ಲೋವರ್ ಯೊಸೆಮಿಟಿ ಫಾಲ್‌ಗೆ ಹೋಗಿಬರುವ ದಾರಿ ಸುಮಾರು ಒಂದು ಮೈಲಿ ಅಷ್ಟೇ. ಮೇ, ಜೂನ್‌ನಲ್ಲಿ ಜಲಪಾತ ತುಂಬಿ ಧುಮುಕುತ್ತದೆ, ಆಗಸ್ಟ್ ಹೊತ್ತಿಗೆ ಅನೇಕ ವರ್ಷ ಒಣಗಿಯೇ ಹೋಗುತ್ತದೆ. ನೀರು ನೋಡಲೆಂದು ಮಗುವಿಗೆ ಆಸೆ ಹುಟ್ಟಿಸಿ ಆಗಸ್ಟ್‌ನಲ್ಲಿ ಕರೆದುಕೊಂಡು ಹೋಗಬೇಡಿ. ಬೆಳಿಗ್ಗೆ ಎಂಟರೊಳಗೆ ಗೇಟು ದಾಟಿದರೆ ಕಾರುಗಳ ಸಾಲೂ ತಪ್ಪುತ್ತದೆ. ಕೆಲವು ವರ್ಷ ಬೇಸಿಗೆಯಲ್ಲಿ ಪ್ರವೇಶಕ್ಕೇ ಮೊದಲು ಕಾದಿರಿಸಬೇಕಾಗಿತ್ತು, ಆದ್ದರಿಂದ ಆಯಾ ವರ್ಷದ ನಿಯಮ ನೋಡಿಕೊಂಡು ಹೊರಡಿ.

ಇಲ್ಲಿ ಎಷ್ಟೋ ಕನ್ನಡ ಮನೆಯವರು ಕಳೆದುಕೊಳ್ಳುತ್ತಿರುವ ಒಂದು ಸೌಲಭ್ಯವಿದೆ. ಶಾಶ್ವತ ಅಂಗವೈಕಲ್ಯ ಇರುವ ಅಮೆರಿಕದ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ ನ್ಯಾಷನಲ್ ಪಾರ್ಕುಗಳ "ಆಕ್ಸೆಸ್ ಪಾಸ್" ಸಿಗುತ್ತದೆ. ಜೀವಮಾನ ಪೂರ್ತಿ ಉಚಿತ. ಪಾಸ್ ಇರುವವರ ಜೊತೆ ಅದೇ ಕಾರಿನಲ್ಲಿರುವವರಿಗೂ ಪ್ರವೇಶ ಶುಲ್ಕವಿಲ್ಲ, ಅನೇಕ ಕಡೆ ಕ್ಯಾಂಪಿಂಗ್ ಶುಲ್ಕವೂ ಅರ್ಧ. "ನಾವು ಎಚ್ 1 ಬಿ ವೀಸಾದವರು, ನಮಗೆಲ್ಲಿ ಸಿಗುತ್ತೆ" ಎಂದು ಸುಮ್ಮನಿರುವವರು ಬಹಳ. ಮಗು ಇಲ್ಲೇ ಹುಟ್ಟಿದ್ದರೆ ಅದು ಇಲ್ಲಿನ ಪ್ರಜೆ. ಈ ಪಾಸಿಗೆ ವಯಸ್ಸಿನ ಮಿತಿಯಿಲ್ಲ, ಮಗುವಿನ ಹೆಸರಿನಲ್ಲೇ ಮಾಡಿಸಬಹುದು. ವೈದ್ಯರ ಪತ್ರ ಮತ್ತು ಮಗುವಿನ ಪಾಸ್‌ಪೋರ್ಟ್ ಜೊತೆಗಿರಲಿ. ಮಗು ಕಾರಿನಲ್ಲಿ ಇದ್ದಾಗ ಮಾತ್ರ ಪಾಸ್ ನಡೆಯುತ್ತದೆ ಎಂಬುದು ನೆನಪಿರಲಿ.

ಊಟದ ಮಾತು. ನಮ್ಮವನು ತಿನ್ನುವುದು ಮೊಸರನ್ನ, ಹಪ್ಪಳ, ಪಾರ್ಲೆ-ಜಿ. ಈ ಮೂರರ ಆಚೆಗೆ ಪ್ರಪಂಚವಿಲ್ಲ. ಪ್ರವಾಸದಲ್ಲಿ ಹೊಸ ರುಚಿ ಕಲಿಸುತ್ತೇವೆ ಎಂಬ ಹುಮ್ಮಸ್ಸು ಬೇಡ, ಪುಟ್ಟ ರೈಸ್ ಕುಕ್ಕರ್ ಒಯ್ಯಿರಿ. ಆದರೆ ಯೊಸೆಮಿಟಿಯಲ್ಲಿ ಕತ್ತಲಾದ ಮೇಲೆ ಕಾರಿನಲ್ಲಿ ಆಹಾರ ಬಿಡುವಂತಿಲ್ಲ. ಕರಡಿಗಳು ಬಾಗಿಲು ಕಿತ್ತು ತಿನ್ನುತ್ತವೆ. ಟೆಂಟಿನಲ್ಲಿ ಇಳಿದುಕೊಂಡರೆ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಮುಚ್ಚಬೇಕು, ಉಪ್ಪಿನಕಾಯಿ ಬಾಟಲಿಯನ್ನೂ ಸೇರಿಸಿ.

ಒಂದು ರಾತ್ರಿಯ ಮಾತು

ಇದನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸಿದೆವು. ಎರಡು ವರ್ಷದ ಹಿಂದೆ ದಾರಿಯಲ್ಲಿ ಒಂದು ಹೋಟೆಲಿನಲ್ಲಿ ತಂಗಿದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ, ಬಾಗಿಲು ಅರ್ಧ ತೆರೆದಿತ್ತು. ಒಬ್ಬರು ಲಿಫ್ಟಿನ ಕಡೆಗೆ ಓಡಿದೆವು, ಇನ್ನೊಬ್ಬರು ಬರಿಗಾಲಲ್ಲಿ ಮೆಟ್ಟಿಲಿಳಿದು ನೇರ ಈಜುಕೊಳಕ್ಕೆ. ಅವನು ಬೇಲಿಯ ಹೊರಗೆ ನಿಂತು, ಚಿಲಕಕ್ಕೆ ಕೈ ಎಟುಕಿಸಲು ನೋಡುತ್ತಿದ್ದ. ನೀರಿನಲ್ಲಿ ನೀಲಿ ದೀಪ ಉರಿಯುತ್ತಿತ್ತು. ಆ ಚಿಲಕ ನಾಲ್ಕು ಇಂಚು ಕೆಳಗಿದ್ದಿದ್ದರೆ ಎಂಬ ಯೋಚನೆ ಇಂದಿಗೂ ನಿದ್ದೆ ಕೆಡಿಸುತ್ತದೆ.

ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ನಾಲ್ಕು ವರ್ಷ ದಾಟಿದ ಮೇಲೆ ಒಮ್ಮೆಯಾದರೂ ಹೀಗೆ ಹೊರಟುಹೋಗಲು ಯತ್ನಿಸಿದ್ದಾರೆ ಎಂದು 2012ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತ್ತು. ಹೀಗೆ ಹೋದ ಮಕ್ಕಳಿಗೆ ದೊಡ್ಡ ಅಪಾಯ ನೀರಿನದು. ಆದ್ದರಿಂದ ಮಗು ಕಾಣದಿದ್ದರೆ ಮಂಚದ ಕೆಳಗೆ, ಬಚ್ಚಲಲ್ಲಿ ಹುಡುಕುತ್ತಾ ಕೂರಬೇಡಿ. ಮೊದಲು ಹತ್ತಿರದ ನೀರಿನ ಕಡೆಗೆ ಓಡಿ, ಓಡುತ್ತಲೇ 911ಕ್ಕೆ ಕರೆ ಮಾಡಿ, ಆಟಿಸಂ ಇದೆ, ಹೆಸರು ಕರೆದರೆ ಓಗೊಡುವುದಿಲ್ಲ ಎಂದು ಹೇಳಿ.

ಅಂದಿನಿಂದ ಹೋಟೆಲ್ ಕಾದಿರಿಸುವಾಗಲೇ ಈಜುಕೊಳದಿಂದ ದೂರದ ಕೋಣೆ ಕೇಳುತ್ತೇವೆ. ಬಾಗಿಲು ತೆರೆದರೆ ಕೂಗುವ, ಕೆಲವೇ ಡಾಲರಿನ ಅಲಾರಂ ಸೂಟ್‌ಕೇಸಿನಲ್ಲಿ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲೇ ಇರುತ್ತದೆ. ದಿನಾ ಬೆಳಿಗ್ಗೆ ಅವನ ಅಂದಿನ ಬಟ್ಟೆಯ ಸಮೇತ ಒಂದು ಫೋಟೋ. ಕೈಗೆ ಫೋನ್ ನಂಬರಿನ ಪಟ್ಟಿ. ಜಿಪಿಎಸ್ ಸಾಧನ ಒಳ್ಳೆಯದೇ, ಆದರೆ ಅಂಥವು ಸಾಮಾನ್ಯವಾಗಿ ಮೊಬೈಲ್ ಸಿಗ್ನಲ್ ನಂಬಿಕೊಂಡಿರುತ್ತವೆ. ಏರ್‌ಟ್ಯಾಗ್‌ಗಂತೂ ಹತ್ತಿರದಲ್ಲಿ ಯಾರದಾದರೂ ಆಪಲ್ ಫೋನ್ ಇರಬೇಕು. ಯೊಸೆಮಿಟಿಯ ಬಹಳಷ್ಟು ಕಡೆ ಸಿಗ್ನಲ್ಲೇ ಇಲ್ಲ. ಅಲ್ಲಿ ಹರಿಯುವ ಮರ್ಸೆಡ್ ನದಿಗೆ ಬೇಸಿಗೆಯ ಆರಂಭದಲ್ಲಿ ಹಿಮ ಕರಗಿದ ನೀರು ಬರುತ್ತದೆ, ಕೊರೆಯುವ ಚಳಿ, ಭಾರೀ ಸೆಳೆತ. ಅಲ್ಲಿ ಯಂತ್ರ ನಂಬಬೇಡಿ, ಮಗುವಿನ ಕೈ ಹಿಡಿದಿರಿ. ಒಬ್ಬರು ಫೋಟೋ ತೆಗೆಯುವಾಗ ಇನ್ನೊಬ್ಬರು "ಈಗ ನನ್ನ ಪಾಳಿ" ಎಂದು ಬಾಯಲ್ಲಿ ಹೇಳಿಯೇ ಕಾಯಬೇಕು. ಇಬ್ಬರೂ ನೋಡುತ್ತಿದ್ದಾರೆ ಎಂದರೆ ಯಾರೂ ನೋಡುತ್ತಿಲ್ಲ ಎಂದೇ ಲೆಕ್ಕ.

ಊರಿಗೆ ಹೋಗುವಾಗ

ನಮ್ಮಲ್ಲಿ ಹಲವರ ದೊಡ್ಡ ರಜೆ ಊರಿನಲ್ಲೇ ಕಳೆಯುತ್ತದೆ. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಹಸಿರು ಕೊರಳಪಟ್ಟಿಯ ವ್ಯವಸ್ಥೆ ಬಂದಿದೆ. ಕಣ್ಣಿಗೆ ಕಾಣದ ತೊಂದರೆ ಇರುವವರ ಗುರುತಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್‌ನಲ್ಲಿ ಶುರುವಾದದ್ದು ಇದು. ಅದನ್ನು ಹಾಕಿಕೊಂಡರೆ ಸಿಬ್ಬಂದಿ ತಾವಾಗಿ ಬಂದು ವಿಚಾರಿಸುವ ಸಾಧ್ಯತೆ ಹೆಚ್ಚು. ಔಷಧಿಗಳು ಮೂಲ ಡಬ್ಬಿಯಲ್ಲೇ, ವೈದ್ಯರ ಚೀಟಿಯೊಂದಿಗೆ, ಕೈಚೀಲದಲ್ಲಿರಲಿ.

ಅಲ್ಲಿ ಕಷ್ಟ ನಿಲ್ದಾಣದ್ದಲ್ಲ, ನೆಂಟರದ್ದು. "ಗಂಡು ಮಕ್ಕಳು ಮಾತು ಕಲಿಯೋದು ಲೇಟು ಕಣೇ, ನಿಮ್ಮ ಮಾವನೂ ಹೀಗೇ ಇದ್ರು." "ಯಾರದೋ ದೃಷ್ಟಿ ಬಿದ್ದಿದೆ, ತೆಗೆಸಿ." ಪ್ರೀತಿಯಿಂದಲೇ ಆಡುವ ಮಾತುಗಳಿವು, ಜಗಳಕ್ಕೆ ಇಳಿದು ಉಪಯೋಗವಿಲ್ಲ. ನಾವು ಹೋಗುವ ತಿಂಗಳು ಮೊದಲೇ ಅಜ್ಜಿಗೆ ಫೋನಿನಲ್ಲಿ ನಾಲ್ಕೇ ಮಾತು ಹೇಳಿಟ್ಟಿದ್ದೆವು: ಕೆನ್ನೆ ಹಿಂಡಬೇಡಿ, ಅವನೆದುರು ಮಿಕ್ಸಿ ಹಾಕಬೇಡಿ, ತಿನ್ನು ತಿನ್ನು ಎನ್ನಬೇಡಿ, ಒಂದು ಕೋಣೆ ಅವನಿಗೇ ಬಿಟ್ಟುಕೊಡಿ. ಅಜ್ಜಿ ಮಿಕ್ಸಿಯನ್ನು ಪಕ್ಕದ ಮನೆಗೆ ಕಳಿಸಿ ಒರಳಲ್ಲಿ ಚಟ್ನಿ ರುಬ್ಬಿದರು! ಮದುವೆ ಮನೆಗೆ ಧಾರೆ ಮುಗಿದ ಮೇಲೆ ಹೋದೆವು, ವಾಲಗದ ಸದ್ದಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಇತ್ತು, ಅರ್ಧ ಗಂಟೆಗೆ ಹೊರಟುಬಂದೆವು. ಬೇಸರ ಮಾಡಿಕೊಂಡವರು ಮಾಡಿಕೊಂಡರು.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಕೆಲಸ ಮಗುವಿಗೆ ಪ್ರವಾಸವನ್ನು ಮುಂಚೆಯೇ ತೋರಿಸುವುದು. ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ "ಸೋಷಿಯಲ್ ಸ್ಟೋರಿ" ಎಂಬ ವಿಧಾನ ನಮಗೆ ದಾರಿ ತೋರಿಸಿತು. ನಾವು ಅದನ್ನು ನಮ್ಮ ಅನುಕೂಲಕ್ಕೆ ತಕ್ಕಂತೆ ಮಾಡಿಕೊಂಡಿದ್ದೇವೆ: ಹೊರಡುವ ಬಾಗಿಲು, ವಿಮಾನದ ಸೀಟು, ಹೋಟೆಲಿನ ಹಾಸಿಗೆ, ಅಜ್ಜಿ ಮನೆಯ ತುಳಸಿಕಟ್ಟೆ, ಕೊನೆಯ ಪುಟದಲ್ಲಿ ಮತ್ತೆ ನಮ್ಮದೇ ಮನೆ. ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಒಂದೇ ಸಾಲು. ಆ ಕೊನೆಯ ಪುಟ ಬಿಡಬೇಡಿ, ವಾಪಸು ಬರುತ್ತೇವೆ ಎಂಬುದು ಅವರಿಗೆ ತಾನಾಗಿ ಗೊತ್ತಿರುವುದಿಲ್ಲ. ಹೊರಡುವ ಎರಡು ವಾರ ಮೊದಲಿಂದ ಪ್ರತಿ ರಾತ್ರಿ ತಂಗಿಯೇ ಅದನ್ನು ಅಣ್ಣನಿಗೆ ಓದಿ ಹೇಳುತ್ತಾಳೆ.

ಈ ಪುಸ್ತಕದ ಮಾದರಿ ಬೇಕಾದವರು ಸಂಘದ ಮುಂದಿನ ಕಾರ್ಯಕ್ರಮದಲ್ಲಿ ನಮ್ಮನ್ನು ಕೇಳಿ. ಸಭಾಂಗಣದ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ನಾಲ್ಕು ಕುರ್ಚಿಗಳಲ್ಲಿ ಇರುತ್ತೇವೆ. ಪಕ್ಕದಲ್ಲಿ ಇನ್ನೂ ನಾಲ್ಕು ಖಾಲಿ ಬಿಟ್ಟಿರಲು ಹೇಳಿದ್ದೇವೆ.