ಕಟ್ಟಡ ತ್ಯಾಜ್ಯ ಮತ್ತು ತೀರ ಮಾಲಿನ್ಯ
ಕೆಡವಿದ ಕಟ್ಟಡದ ಕಾಂಕ್ರೀಟ್, ಇಟ್ಟಿಗೆ, ಟೈಲ್ಸ್ ಚೂರುಗಳನ್ನು ಕಡಲ ಅಥವಾ ಹೊಳೆಯ ದಂಡೆಗೆ ಸುರಿಯುವುದರಿಂದ ಆಗುವ ಮಾಲಿನ್ಯ. ಮಲೆನಾಡಿನ ಊರಾದ ಕಳಸಕ್ಕೆ ಕಡಲಿಲ್ಲ, ಇಲ್ಲಿ ತೀರವೆಂದರೆ ಭದ್ರಾ ನದಿಯ ದಡ. ಮಲೆನಾಡಿನ ಹಳೆಯ ಮನೆ ಬಿದ್ದರೆ ಮಣ್ಣಿನ ಗೋಡೆ ಮಳೆಗೆ ಕರಗುತ್ತಿತ್ತು, ಮರವೂ ಹೆಂಚೂ ಇನ್ನೊಂದು ಮನೆಗೆ ಏರುತ್ತಿದ್ದವು. ಸಿಮೆಂಟಿಗೆ ಆ ಗುಣವಿಲ್ಲ. ಅದರ ಸುಣ್ಣದ ಅಂಶ ನೀರಿನ ಕ್ಷಾರತೆ ಹೆಚ್ಚಿಸುತ್ತದೆ. ನುಣ್ಣನೆಯ ಪುಡಿ ಮಳೆಗಾಲದಲ್ಲಿ ಹರಿದು, ಮೀನು ಮೊಟ್ಟೆಯಿಡುವ ಹರಳುಕಲ್ಲಿನ ಸಂದುಗಳನ್ನು ಮುಚ್ಚುತ್ತದೆ. ಹೂಳು ಭದ್ರೆಗೆ ಹೊಸತೇನಲ್ಲ: 2005ರ ಕೊನೆಗೆ ನಿಂತ ಕುದುರೆಮುಖ ಗಣಿಗಾರಿಕೆಯ ಮೇಲಿದ್ದ ಮುಖ್ಯ ದೂರುಗಳಲ್ಲಿ ಅದೂ ಒಂದು. ಕೇಂದ್ರ ಸರ್ಕಾರದ 2016ರ ಕಟ್ಟಡ ತ್ಯಾಜ್ಯ ನಿಯಮಗಳು, ತ್ಯಾಜ್ಯವು ದಿನಕ್ಕೆ 20 ಟನ್ ಇಲ್ಲವೇ ಒಂದೇ ಕಾಮಗಾರಿಯಿಂದ ತಿಂಗಳಿಗೆ 300 ಟನ್ ಮೀರಿದರೆ ವಿಲೇವಾರಿ ಯೋಜನೆ ಕೇಳಿದವು. ಒಂದು ಮನೆ ಕೆಡವಿದ ಟಿಪ್ಪರ್ ಲೋಡು ಸಾಮಾನ್ಯವಾಗಿ ಆ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ.