ಕಾಲಡಿಯ ಮರ

ಮನೆ ಕಟ್ಟಿಸುವವನು ಮಾಡಿನ ವಿಷಯದಲ್ಲಿ ಹತ್ತು ಮಂದಿಯನ್ನು ವಿಚಾರಿಸುತ್ತಾನೆ. ಬಾಗಿಲಿಗೆ ಯಾವ ಮರ, ದಾರಂದಕ್ಕೆ ಯಾವ ಮರ ಎಂದು ಆಚಾರಿಯೊಡನೆ ದಿನಗಟ್ಟಲೆ ಚರ್ಚಿಸುತ್ತಾನೆ. ನೆಲದ ಮಾತು ಬರುವ ಹೊತ್ತಿಗೆ ಅವನ ಹಣವೂ ತಾಳ್ಮೆಯೂ ಬಹುಮಟ್ಟಿಗೆ ತೀರಿರುತ್ತವೆ. ಅಂಗಡಿಯವನು ಮುಂದಿಟ್ಟ ನಾಲ್ಕು ಮಾದರಿಗಳಲ್ಲಿ ಕಣ್ಣಿಗೆ ಹಿತವಾದುದೊಂದನ್ನು ಆರಿಸಿ ಕೈತೊಳೆದುಕೊಳ್ಳುತ್ತಾನೆ. ಮನೆಯಲ್ಲಿ ದಿನವೆಲ್ಲ ನಮ್ಮ ಮೈಗೆ ತಾಗುವ ಭಾಗ ಅದೊಂದೇ ಎಂಬುದು ಆಗ ನೆನಪಿಗೆ ಬರುವುದಿಲ್ಲ.

ನಮ್ಮ ಕಾಸರಗೋಡು ಸೀಮೆಯಲ್ಲಿ ನನ್ನ ಬಂಧುಗಳೊಬ್ಬರು ಕೆಲವು ವರ್ಷಗಳ ಹಿಂದೆ ಹಿರಿಯರ ಮನೆಯನ್ನು ಬಿಚ್ಚಿ ಹೊಸದನ್ನು ಕಟ್ಟಿಸಿದರು. ಹಳೆಯ ಉಪ್ಪರಿಗೆಗೆ ಹಾಸಿದ್ದ ಹಲಸು, ಕಿರಾಲುಬೋಗಿಗಳ ಹಲಗೆಗಳನ್ನು ಹಳೆಮರದ ವ್ಯಾಪಾರಿ ಒಟ್ಟಾಗಿ ಕೊಂಡೊಯ್ದ. ಹೊಸ ಮನೆಯ ಚಾವಡಿಗೆ ‘ಓಕ್ ಮರದ ನೆಲ’ ಬಂದಿತು. ಎರಡನೆಯ ಆಷಾಢದಲ್ಲಿ ಸಂದುಸಂದುಗಳಲ್ಲಿ ಹಲಗೆ ಉಬ್ಬಿ, ನಡೆದರೆ ಎಡವುವಂತಾಯಿತು. ಒಂದನ್ನು ಕಿತ್ತು ನೋಡಿದರೆ ಒಳಗೆ ಮರದ ನಾರನ್ನು ಒತ್ತಿ ಮಾಡಿದ ರಟ್ಟು. ಮೇಲೆ ಓಕ್ ಮರದ ಛಾಯಾಚಿತ್ರವನ್ನು ಅಚ್ಚೊತ್ತಿದ ಕಾಗದ. ಮೋಸವೆನ್ನಲು ಬಾರದು. ಪೆಟ್ಟಿಗೆಯ ಮೇಲೆ ಸಣ್ಣಕ್ಷರಗಳಲ್ಲಿ ಇದ್ದುದನ್ನು ಇದ್ದಂತೆಯೇ ಬರೆದಿದ್ದರು. ಓದಿದವರಿರಲಿಲ್ಲ, ಅಷ್ಟೆ. ಈ ಪ್ರಸಂಗವನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯೇ ಈ ಬರಹಕ್ಕೆ ಕಾರಣ: ಮಲಬಾರಿನ ತೇಗವನ್ನು ನೆರೆಯಲ್ಲೇ ಇಟ್ಟುಕೊಂಡಿದ್ದ ನಮ್ಮ ಹಿರಿಯರು ಕೆಳಗಿನ ನೆಲಕ್ಕೆ ಏಕೆ ಮರವನ್ನು ಹಾಸಲಿಲ್ಲ?

ಉತ್ತರವನ್ನು ಎರಡೇ ಮಾತಿನಲ್ಲಿ ಹೇಳಬಹುದು: ನೀರು, ಗೆದ್ದಲು. ನಮ್ಮ ಕರಾವಳಿಯಲ್ಲಿ ಜೂನ್ ತಿಂಗಳಿಂದ ಸೆಪ್ಟೆಂಬರಿನ ತನಕ ಗಾಳಿಯೇ ಒದ್ದೆ. ಮಣ್ಣಿನಿಂದ ತೇವ ಮೇಲೇರುವುದು. ಅದರ ಬೆನ್ನಿಗೇ ಗೆದ್ದಲು. ಆದುದರಿಂದ ಕೆಳಗೆ ಬಡಿದು ಗಟ್ಟಿಮಾಡಿದ ಮಣ್ಣು, ಅದರ ಮೇಲೆ ಸೆಗಣಿಯ ಸಾರಣೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಕ್ರಮೇಣ ಉಳ್ಳವರ ಮನೆಗಳಿಗೆ ಸುಟ್ಟ ಮಣ್ಣಿನ ನೆಲಹಂಚು. ಮುಂದೆ ಕೆಂಪು ಸಿಮೆಂಟು. ಮರವಾದರೋ ಮಣ್ಣಿನ ಸಂಗವನ್ನು ಬಿಟ್ಟು, ಅಡಿಯಿಂದಲೂ ಗಾಳಿಯಾಡುವ ಉಪ್ಪರಿಗೆಯಲ್ಲಿ ನೆಲೆಸಿತು. ಅದನ್ನು ಅಲ್ಲಿಂದ ಕೆಳಗಿಳಿಸಿದ್ದು ಚಳಿ. ಉದಕಮಂಡಲದ ಹಳೆಯ ಬಂಗಲೆಗಳಲ್ಲಿ ಹಲಗೆಯ ನೆಲ ಅಪರೂಪವಲ್ಲ. ಕಲ್ಲಿನ ಮೇಲೆ ಬರಿಗಾಲಿಡಲಾಗದ ನಾಡಿನಿಂದ ಬಂದವರು ಅಂಥದೇ ಚಳಿಯನ್ನು ಕಂಡಲ್ಲಿ ತಮ್ಮ ನೆಲವನ್ನೂ ಕಟ್ಟಿಕೊಂಡರು.

ಆ ನಾಡುಗಳಲ್ಲಿಯೂ ಮರ ಮತ್ತು ನೀರುಗಳ ವ್ಯಾಜ್ಯ ಸುಲಭವಾಗಿ ತೀರಿದ್ದಲ್ಲ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕಥೆ ಇದಕ್ಕೆ ನಿದರ್ಶನ. ಅಲ್ಲಿಯ ಮೇಲಂತಸ್ತಿನ ಕೋಣೆಗಳಿಗೆ ಮೊದಲು ಹಾಸಿದ್ದುದು ಅಮೃತಶಿಲೆ. ಅದನ್ನು ತೊಳೆದ ನೀರು ಸಂದುಗಳಲ್ಲಿಳಿದು ಅಡಿಯ ಮರದ ತೊಲೆಗಳನ್ನು ಕೊಳೆಯಿಸತೊಡಗಿತು. 1680ರ ದಶಕದಲ್ಲಿ ಶಿಲೆಯನ್ನು ಕಿತ್ತು ಓಕ್ ಮರದ ಚೌಕಗಳನ್ನು ಹಾಸಿದರು. ಒಂದೊಂದು ಚೌಕದೊಳಗೂ ಸಣ್ಣ ಸಣ್ಣ ತುಂಡುಗಳನ್ನು ಓರೆಯಾಗಿ ಹೆಣೆದು ಕೂರಿಸಿದ ಕೆಲಸವದು. ಇಂದಿಗೂ ಆ ಹೆಣಿಗೆಗೆ ಆ ಅರಮನೆಯ ಹೆಸರೇ ಇದೆ. ನೋಡುವವರು ಅದನ್ನು ಬರಿಯ ಅಲಂಕಾರವೆಂದು ತಿಳಿಯುವರು. ಆದರೆ ಅಗಲವಾದ ಒಂದೇ ಹಲಗೆ ಹಿಗ್ಗಿ ಕುಗ್ಗಿ ಸೀಳುವ ಕಡೆ, ಸಣ್ಣ ತುಂಡುಗಳು ತಮ್ಮತಮ್ಮಲ್ಲೇ ಅಷ್ಟಿಷ್ಟು ಸರಿದು ಸುಮ್ಮನಿರುವುವು.

ಮರ ಹೀಗೆ ಅಲುಗುವುದೇಕೆ? ಮಳೆಗಾಲದಲ್ಲಿ ಬಿಗಿದು ಬೇಸಗೆಯಲ್ಲಿ ಸಡಿಲುವ ಬಾಗಿಲು ಎಲ್ಲರ ಮನೆಯಲ್ಲೂ ಉಂಟಷ್ಟೆ. ಕಡಿದ ಮರವು ತನ್ನ ಸುತ್ತಣ ಗಾಳಿಯಿಂದ ತೇವವನ್ನು ಹೀರುತ್ತ, ಒಣ ಹವೆಯಲ್ಲಿ ಅದನ್ನು ಬಿಟ್ಟುಕೊಡುತ್ತ ಇರುವುದು. ಉದ್ದದಲ್ಲಿ ಅದು ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು, ನೂರರಲ್ಲಿ ಒಂದರ ಹತ್ತನೆಯ ಒಂದೆರಡು ಪಾಲು ಮಾತ್ರ. ಅಗಲದಲ್ಲಿ ಹಾಗಲ್ಲ. ಅಮೆರಿಕದ ಬಿಳಿ ಓಕ್ ಮರವು ಹಸಿಯಿಂದ ಪೂರ್ತಿಯಾಗಿ ಒಣಗುವಷ್ಟರಲ್ಲಿ ವರ್ಷವಲಯಗಳ ಸುತ್ತಿನ ದಿಕ್ಕಿನಲ್ಲಿ ನೂರಕ್ಕೆ 10.5ರಷ್ಟು ಕುಗ್ಗಿದರೆ, ತಿರುಳಿನಿಂದ ತೊಗಟೆಯ ಕಡೆಗಿನ ದಿಕ್ಕಿನಲ್ಲಿ 5.6ರಷ್ಟು ಮಾತ್ರ ಕುಗ್ಗುತ್ತದೆ. ತೇಗಕ್ಕೆ ಈ ಅಂಕಿಗಳು 5.8 ಮತ್ತು 2.5. ಒಂದೇ ದಿಮ್ಮಿಯನ್ನು ಕೊಯ್ಯುವ ಬಗೆಯಲ್ಲೇ ನೆಲದ ಆಯುಸ್ಸು ಅಡಗಿದೆ ಎಂಬುದು ಇದರಿಂದ ತಿಳಿಯುವುದು. ದಿಮ್ಮಿಯನ್ನು ಮೊದಲು ನಾಲ್ಕಾಗಿ ಸೀಳಿ, ಬಳಿಕ ತಿರುಳಿನಿಂದ ಹೊರಮುಖವಾಗಿ ಕೊಯ್ದ ಹಲಗೆ ಅರ್ಧದಷ್ಟೇ ಅಲುಗುತ್ತದೆ. ಹಾಗೆ ಕೊಯ್ದರೆ ಮರ ಹೆಚ್ಚು ಪೋಲಾಗುವುದರಿಂದ ಬೆಲೆಯೂ ಹೆಚ್ಚು. ಕೊಳ್ಳುವವರು ಹಲಗೆಯ ಕೊನೆಯನ್ನು ತಿರುಗಿಸಿ ನೋಡಬೇಕು. ವಲಯದ ಗೆರೆಗಳು ನೆಟ್ಟಗೆ ನಿಂತಿದ್ದರೆ ಅದು ಈ ಬಗೆಯದು. ಕಮಾನಿನಂತೆ ಬಾಗಿದ್ದರೆ ಅಗ್ಗದ ಕೊಯ್ತ.

ಗಟ್ಟಿಮರ ಎಂಬ ಹೆಸರಿನಲ್ಲೂ ಒಂದು ತೊಡಕಿದೆ. ಮರದ ವ್ಯಾಪಾರದಲ್ಲಿ ಅಗಲವಾದ ಎಲೆಯ ಮರಗಳೆಲ್ಲ ಗಟ್ಟಿಮರ, ಸೂಜಿಯಂಥ ಎಲೆಯ ಮರಗಳೆಲ್ಲ ಮೆದುಮರ. ಆ ಲೆಕ್ಕದಲ್ಲಿ ಉಗುರಿಗೂ ಬಗ್ಗುವ ಬಾಲ್ಸಾ ಮರವೂ ಗಟ್ಟಿಮರವೇ! ನಿಜವಾದ ಗಡುಸನ್ನು ಅಳೆಯಲು ಆಸ್ಟ್ರಿಯದ ಗೇಬ್ರಿಯಲ್ ಯಾಂಕಾ ಎಂಬವರು 1906ರಲ್ಲಿ ಒಂದು ಕ್ರಮವನ್ನು ಹಾಕಿಕೊಟ್ಟರು. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕೆಂಬುದೇ ಅಳತೆ. ಬಿಳಿ ಓಕಿಗೆ ಸುಮಾರು 1,360 ಪೌಂಡು, ಗಡುಸಾದ ಮೇಪಲ್ ಮರಕ್ಕೆ 1,450. ತೇಗಕ್ಕೆ 1,000ಕ್ಕಿಂತ ಸ್ವಲ್ಪ ಹೆಚ್ಚು. ತೇಗವನ್ನು ಮರಗಳ ರಾಜನೆಂದು ತಿಳಿದ ನಮ್ಮವರಿಗೆ ಇದು ರುಚಿಸದಿರಬಹುದು. ತೇಗದ ಹಿರಿಮೆ ಗಡುಸಿನಲ್ಲಿಲ್ಲ. ಅದರ ಎಣ್ಣೆಯಂಶದಲ್ಲಿ, ಕಡಿಮೆ ಅಲುಗುವ ಗುಣದಲ್ಲಿ, ಗೆದ್ದಲನ್ನು ತಡೆಯುವ ಕಾವಿನಲ್ಲಿ ಇದೆ. ಕಾವು ಎಂದೆ. ಅದರ ಹೊರಗಿನ ಬಿಳಿಭಾಗಕ್ಕೆ ಈ ಗುಣವಿಲ್ಲ.

ತೇಗದ ಮಾತು ಬಂದುದರಿಂದ ಅದರ ಯಾತ್ರೆಯನ್ನೂ ಹೇಳಿಬಿಡುವೆನು. ಮಲಯಾಳದ ‘ತೇಕ್ಕ್’ ಎಂಬ ಶಬ್ದ ಪೋರ್ತುಗೀಸರ ಬಾಯಲ್ಲಿ ‘ತೇಕಾ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ನಮ್ಮ ‘ತೇಗ’ ಅದರ ಒಡಹುಟ್ಟು. ಬ್ರಿಟಿಷರಿಗೆ ಈ ಮರ ಮೊದಲು ಬೇಕಾದದ್ದು ನೆಲಕ್ಕಲ್ಲ, ಹಡಗಿಗೆ. ತಮ್ಮ ಓಕ್ ಕಾಡುಗಳು ಕ್ಷೀಣಿಸಿದಾಗ ಅವರು ಮಲಬಾರಿನತ್ತ ತಿರುಗಿದರು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅಲ್ಲಿಯ ಕಾಡಿಗೆ ಅಧಿಕಾರಿಯನ್ನಾಗಿ ನೇಮಿಸಿ ತೇಗವನ್ನು ಸರಕಾರದ ಸ್ವತ್ತಾಗಿ ಮಾಡಿಕೊಂಡರು. ಜನರ ಅಸಮಾಧಾನ ಬೆಳೆದು 1823ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಆ ಹುದ್ದೆಯನ್ನೇ ತೆಗೆದುಹಾಕಿದನು. ಮಲಬಾರಿನ ತೇಗದಿಂದ ಮುಂಬಯಿಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಇಂದಿಗೂ ತೇಲುತ್ತಿದೆ. ಕಡಿದುದನ್ನು ಮತ್ತೆ ಬೆಳೆಸಬೇಕೆಂಬ ಎಚ್ಚರ ಬಂದುದು 1840ರ ದಶಕದಲ್ಲಿ. ಮಲಬಾರಿನ ಕಲೆಕ್ಟರ್ ಕನಾಲಿ, ಅವನ ಕೈಕೆಳಗಿನ ಚಾತು ಮೇನೋನ್, ಇವರಿಬ್ಬರು ನಿಲಂಬೂರಿನಲ್ಲಿ ತೇಗದ ತೋಪನ್ನು ನೆಡಿಸಿದರು. ಮೊದಮೊದಲು ಬೀಜವೇ ಮೊಳೆಯದೆ ಸೋತು, ಪಟ್ಟುಬಿಡದೆ ಗೆದ್ದರು. ಆ ತೋಪಿನ ಒಂದು ಭಾಗವನ್ನು ಈಗಲೂ ಕಾಪಾಡಿಕೊಂಡು ಬಂದಿದ್ದಾರೆ. ಶಾಲೆಯ ಪ್ರವಾಸಕ್ಕೆ ಯೋಗ್ಯವಾದ ಸ್ಥಳ.

ತೇಗದ ಹೆಸರಿಗಿರುವ ಈ ಬೆಲೆಯಿಂದಲೇ ಪೇಟೆಯಲ್ಲಿ ಆ ಹೆಸರನ್ನು ಹೊತ್ತ ಪರಕೀಯರೂ ಅನೇಕರಿದ್ದಾರೆ. ‘ಆಫ್ರಿಕದ ತೇಗ’ ಎಂಬುದು ಬಹುಮಟ್ಟಿಗೆ ಇರೋಕೋ ಮರ. ‘ಬ್ರೆಜಿಲ್ ತೇಗ’ ಎಂಬುದು ಕುಮಾರು ಮರ. ಅವು ಕೆಟ್ಟ ಮರಗಳಲ್ಲ. ಕುಮಾರು ತೇಗಕ್ಕಿಂತ ಬಹಳ ಗಡುಸು. ಆದರೆ ತೇಗವಲ್ಲ. ಸಸ್ಯಶಾಸ್ತ್ರದ ಹೆಸರನ್ನು ರಶೀದಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು: ತೇಗವಾದರೆ ‘ಟೆಕ್ಟೋನಾ ಗ್ರಾಂಡಿಸ್’.

ಹಲಗೆಯ ನೆಲ ಜನಸಾಮಾನ್ಯರ ಕೈಗೆಟುಕಿದುದು ಯಂತ್ರದಿಂದ. ಅಮೆರಿಕದ ವಿಲಿಯಂ ವುಡ್‌ವರ್ತ್ 1828ರಲ್ಲಿ ಹಲಗೆಯನ್ನು ಹೆರೆದು, ಅಂಚಿನ ಒಂದು ಬದಿಗೆ ನಾಲಗೆಯನ್ನೂ ಇನ್ನೊಂದು ಬದಿಗೆ ತೋಡನ್ನೂ ಕೊರೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಆ ಹಕ್ಕನ್ನು ಕೈವಶಮಾಡಿಕೊಂಡವರು 1856ರ ತನಕ ಬಿಗಿಹಿಡಿದು ಮರಗೆಲಸದವರಿಂದ ಸುಂಕದಂತೆ ಹಣವನ್ನು ವಸೂಲುಮಾಡಿದರು. ಮರದ ಅಲುಗಾಟಕ್ಕೆ ಇನ್ನೊಂದು ಉಪಾಯವನ್ನು 1941ರಲ್ಲಿ ಸ್ವೀಡನ್ನಿನ ಗುಸ್ತಾಫ್ ಶಾರ್ ಎಂಬವರು ಕಂಡರು: ಮೇಲೆ ಒಳ್ಳೆಯ ಮರದ ಪದರ, ಅಡಿಯಲ್ಲಿ ಅಡ್ಡಡ್ಡವಾಗಿ ಅಂಟಿಸಿದ ಸಾಧಾರಣ ಮರ. ಒಂದು ಪದರ ಹಿಗ್ಗಲೆತ್ನಿಸಿದರೆ ಇನ್ನೊಂದು ಹಿಡಿದುಕೊಳ್ಳುವುದು. ಒದ್ದೆ ಹವೆಯ ನಾಡಿಗೆ, ಸಿಮೆಂಟಿನ ಮೇಲೆ ಹಾಸುವುದಾದರೆ, ಇಡಿಯ ಹಲಗೆಗಿಂತ ಇದೇ ಲೇಸೆಂದು ನನ್ನ ಅಭಿಪ್ರಾಯ. ಮೇಲಣ ಪದರದ ದಪ್ಪವನ್ನು ಮಾತ್ರ ಕೇಳಲೇಬೇಕು. 4 ಮಿಲಿಮೀಟರ್ ಇದ್ದರೆ ಸವೆದಾಗ ಹೆರೆದು ಹೊಸತು ಮಾಡಿಕೊಳ್ಳಬಹುದು. ಕಾಗದದಷ್ಟು ತೆಳುವಾಗಿದ್ದರೆ ಒಂದು ಗೀರಿಗೇ ಅದರ ಗುಟ್ಟು ಬಯಲು. ಹಾಸುವ ಮುನ್ನ ಸಿಮೆಂಟು ಚೆನ್ನಾಗಿ ಆರಿರಬೇಕು, ಹಲಗೆಗಳು ಕೆಲವು ದಿನ ಅದೇ ಕೋಣೆಯ ಹವೆಗೆ ಹೊಂದಿಕೊಳ್ಳಬೇಕು, ಗೋಡೆಯ ಬುಡದಲ್ಲಿ ಬೆರಳಗಲಕ್ಕೆ ತುಸು ಕಡಿಮೆ ಎಡೆ ಬಿಡಬೇಕು. ಎಡೆ ಬಿಡದಿದ್ದರೆ ಹಿಗ್ಗಿದ ನೆಲಕ್ಕೆ ಮೇಲೇಳುವುದಲ್ಲದೆ ಬೇರೆ ದಾರಿಯಿಲ್ಲ.

ಇನ್ನು ಕಾರ್ಕು. ಸೀಸೆಯ ಬೂಚು ಎಂದರೆ ಎಲ್ಲರಿಗೂ ಗೊತ್ತು. ಅದು ನೆಲವೂ ಆಗುವುದೆಂದರೆ ನಂಬದವರುಂಟು. ಇದು ಓಕ್ ಮರದ ಜಾತಿಯದೇ ಒಂದು ಮರದ ತೊಗಟೆ. ಹೆಚ್ಚಾಗಿ ಬೆಳೆಯುವುದು ಪೋರ್ತುಗಲ್, ಸ್ಪೇಯ್ನ್ ಮತ್ತು ಆಫ್ರಿಕದ ಉತ್ತರ ದಡದಲ್ಲಿ. ತೇಗದ ಹೆಸರನ್ನು ಯುರೋಪಿಗೆ ಒಯ್ದ ಪೋರ್ತುಗೀಸರ ನಾಡೇ ಜಗತ್ತಿನ ಕಾರ್ಕಿನ ಅರ್ಧದಷ್ಟನ್ನು ಕೊಡುವುದು. 2011ರಲ್ಲಿ ಅವರ ಸಂಸತ್ತು ಇದನ್ನು ರಾಷ್ಟ್ರವೃಕ್ಷವೆಂದು ಸಾರಿತು. ಮರವನ್ನು ಕಡಿಯದೆ, ಬೇಸಗೆಯಲ್ಲಿ ಕೊಡಲಿಯ ಅಲಗಿನಿಂದ ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷವಾಗಿರಬೇಕು. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಸುಲಿದ ವರ್ಷದ ಕೊನೆಯ ಅಂಕಿಯನ್ನು ಬೊಡ್ಡೆಯ ಮೇಲೆ ಬಣ್ಣದಲ್ಲಿ ಬರೆದಿಡುತ್ತಾರೆ, ಮುಂದೆ ಯಾರೂ ಅವಸರಪಡದಂತೆ. ಬೂಚಿಗೆ ತಕ್ಕ ನಯವಾದ ತೊಗಟೆ ದೊರೆಯುವುದು ಮೂರನೆಯ ಸುಲಿತದಲ್ಲಿ, ಎಂದರೆ ಮರಕ್ಕೆ 43 ವರ್ಷವಾದಾಗ. ನೆಟ್ಟವನಿಗಿಂತ ಅವನ ಮಗನಿಗೆ ಅದರ ಲಾಭ. ಮೊದಲ ಸುಲಿತಗಳ ಒರಟು ತೊಗಟೆ, ಬೂಚು ಕೊರೆದುಳಿದ ಚೂರು, ಇವೇ ನೆಲಹಾಸಿಗೆ ಸಾಮಗ್ರಿ.

ಈ ತೊಗಟೆಯನ್ನು ರೋಮಿನ ಪ್ಲಿನಿ ಒಂದನೆಯ ಶತಮಾನದಲ್ಲೇ ಬಲ್ಲನು. ಬಲೆಗೆ ಕಟ್ಟುವ ಬೆಂಡು, ಪಾತ್ರೆಯ ಬಿರಡೆ, ಹೆಂಗಸರ ಚಳಿಗಾಲದ ಪಾದರಕ್ಷೆಯ ಅಟ್ಟೆ ಎಂದು ಅದರ ಉಪಯೋಗಗಳನ್ನು ಬರೆದಿರುವನು. 1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಇದರ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಗೂಡುಗಳನ್ನು ಕಂಡು, ಒಂದು ಘನ ಅಂಗುಲದಲ್ಲಿ 120 ಕೋಟಿಗೂ ಮಿಕ್ಕಿ ಇವೆಯೆಂದು ಗಣಿಸಿದನು. ವಿಜ್ಞಾನದ ಪಾಠದಲ್ಲಿ ನಾವು ‘ಜೀವಕೋಶ’ ಎನ್ನುವುದಕ್ಕೆ ಇಂಗ್ಲಿಷಿನಲ್ಲಿರುವ ಹೆಸರು ಅಂದು ಹುಟ್ಟಿತು. ಆ ಗೂಡುಗಳಲ್ಲಿ ತುಂಬಿರುವುದು ಗಾಳಿ. ಕಾರ್ಕಿನ ನೆಲ ಕಾಲಿಗೆ ಮೆತ್ತಗೆ, ಚಳಿಗೆ ಬೆಚ್ಚಗೆ, ಸದ್ದನ್ನು ನುಂಗುವಂತೆ ಇರುವುದು ಅದರಿಂದಲೇ.

ಕಾರ್ಕಿನ ಪುಡಿ ಮೊದಲು ನೆಲಕ್ಕೆ ಬಂದುದು ಮಾರುವೇಷದಲ್ಲಿ. ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್, ತೆರೆದಿಟ್ಟ ಬಣ್ಣದ ಡಬ್ಬದಲ್ಲಿ ಅಗಸೆಯೆಣ್ಣೆ ಕೆನೆಗಟ್ಟಿದುದನ್ನು ಗಮನಿಸಿ, ಅದಕ್ಕೆ ಕಾರ್ಕಿನ ಪುಡಿಯನ್ನು ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿ, 1863ರಲ್ಲಿ ‘ಲಿನೋಲಿಯಂ’ ಎಂಬುದಕ್ಕೆ ಹಕ್ಕು ಪಡೆದನು. ಬಿಜಾಪುರ, ಸೊಲ್ಲಾಪುರಗಳ ಕರಿಮಣ್ಣಿನಲ್ಲಿ ನಮ್ಮವರು ಬೆಳೆದು ಚಟ್ನಿಪುಡಿ ಮಾಡಿಕೊಳ್ಳುವ ಅಗಸೆಯೇ ಇದು. 19ನೆಯ ಶತಮಾನದಲ್ಲಿ ಭಾರತದ ಅಗಸೆಬೀಜವೂ ಬಂಗಾಳದ ಸೆಣಬೂ ಹಡಗುಗಟ್ಟಲೆ ಬ್ರಿಟನ್ನಿಗೆ ಹೋಗುತ್ತಿದ್ದುವು. ಅಪ್ಪಟ ಕಾರ್ಕಿನ ಫಲಕ ಹುಟ್ಟಿದುದು 1890ರ ದಶಕದ ಆರಂಭದಲ್ಲಿ, ನ್ಯೂಯಾರ್ಕಿನಲ್ಲಿ. ಜಾನ್ ಸ್ಮಿತ್ ಎಂಬಾತನ ಕಾರ್ಖಾನೆಯಲ್ಲಿ ಕಾರ್ಕಿನ ಚೂರು ತುಂಬಿದ್ದ ತಗಡಿನ ಕೊಳವೆಯೊಂದು ಬೆಂಕಿಯ ಮೇಲೆ ಉರುಳಿತಂತೆ. ಚೂರುಗಳು ಸುಟ್ಟುಹೋಗದೆ ತಮ್ಮದೇ ಅಂಟಿನಿಂದ ಒಂದಾಗಿ ಗಟ್ಟಿಗೊಂಡಿದ್ದುವು. 1930ರ ದಶಕದಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಪೆನ್ಸಿಲ್ವೇನಿಯದಲ್ಲಿ ಜಲಪಾತದ ಮೇಲೆ ಕಟ್ಟಿದ ಪ್ರಸಿದ್ಧ ಮನೆಯಲ್ಲಿ ಸ್ನಾನದ ಕೋಣೆಗೂ ಕಾರ್ಕನ್ನೇ ಹಾಸಿಸಿದನು. ಬಳಿಕ ಅಗ್ಗದ ವಿನೈಲ್ ಬಂದು ಕಾರ್ಕನ್ನು ಬಹುಕಾಲ ಹಿಂದಕ್ಕೆ ತಳ್ಳಿತು. 1977ರಲ್ಲಿ ಸ್ವೀಡನ್ನಿನಲ್ಲಿ ರೂಪುಗೊಂಡುದು ಆ ಛಾಯಾಚಿತ್ರದ ನೆಲ, ನಮ್ಮ ಬಂಧುಗಳ ಚಾವಡಿಯಲ್ಲಿ ಉಬ್ಬಿದುದು.

ಕಾರ್ಕು ಕೊಳ್ಳುವವರು ಒಂದನ್ನು ಗಮನಿಸಬೇಕು. ಅದು ಎರಡು ಬಗೆಯಲ್ಲಿ ಬರುವುದು. 4ರಿಂದ 6 ಮಿಲಿಮೀಟರ್ ದಪ್ಪದ ಅಪ್ಪಟ ಫಲಕವನ್ನು ಸಿಮೆಂಟಿಗೆ ಅಂಟಿಸುವುದು ಒಂದು. ಸುಮಾರು 10 ಮಿಲಿಮೀಟರ್ ದಪ್ಪವಿದ್ದು ಒಂದಕ್ಕೊಂದು ಸಿಕ್ಕಿಸುವಂಥದು ಇನ್ನೊಂದು. ಎರಡನೆಯದರ ನಡುವೆ ಸಾಮಾನ್ಯವಾಗಿ ಇರುವುದು ಅದೇ ಒತ್ತಿದ ರಟ್ಟು! ಕಾರ್ಕು ನೀರಿಗೆ ಹೆದರದು, ರಟ್ಟು ಹೆದರುವುದು.

ನಮ್ಮ ಬಂಧುಗಳು ಚಾವಡಿಯ ರಟ್ಟನ್ನೆಲ್ಲ ಕಿತ್ತೆಸೆದು ಕೆಂಪು ಸಿಮೆಂಟು ಮಾಡಿಸಿದರು. ಹಳೆಯ ಹಲಗೆಗಳನ್ನು ಮರಳಿ ಕೊಳ್ಳೋಣವೆಂದು ವ್ಯಾಪಾರಿಯನ್ನು ಹುಡುಕಿ ಹೋದಾಗ, ಅವು ಆಗಲೇ ಯಾವುದೋ ನಗರದ ಮನೆಯ ನೆಲವಾಗಿದ್ದುವು. ಆತ ಹೇಳಿದ ಬೆಲೆ ತಾನು ಕೊಟ್ಟುದರ ಹಲವು ಪಾಲು. ಮಂಡಿನೋವಿನ ತಾಯಿಗಾಗಿ ಮೇಲಿನ ಒಂದು ಕೋಣೆಗೆ ಮಾತ್ರ ಅಂಟಿಸುವ ಕಾರ್ಕನ್ನು ಹಾಸಿಸಿದ್ದಾರೆ. ಎರಡು ಮಳೆಗಾಲ ಕಳೆದುವು. ಕಿಟಕಿಯ ಬಳಿ ಬಿಸಿಲು ಬೀಳುವಲ್ಲಿ ಅದರ ಬಣ್ಣ ತುಸು ತಿಳಿಯಾಗಿದೆ. ಮಂಚದ ಕಾಲು ಊರಿದ ನಾಲ್ಕು ಗುಳಿಗಳಿವೆ. ಬೇರೇನೂ ಆಗಿಲ್ಲ.